ಮನೆಯ ಮೀಡಿಯಾ ಪಿಸಿ ಬೂಟ್ ಆಗುವಾಗ ಸ್ವಂತ ಚಿತ್ರ: ಮಾಡಿ ನೋಡಿದವರು ಅನುಭವ ಹೇಳಿ

ಟಿವಿಮೂಲೆ:
ಟಿವಿಯ ಹಿಂದೆ ಅಂಗೈಯಗಲದ ಹಳೆಯ ಪೆಟ್ಟಿಗೆಯೊಂದಿದೆ. ಇಂಟೆಲ್ ಗ್ರಾಫಿಕ್ಸ್, 4 ಜಿಬಿ ರ‍್ಯಾಮ್, ಡೆಬಿಯನ್ 12 ಲಿನಕ್ಸ್, ಅದರ ಮೇಲೆ ಸಿನಿಮಾ ನೋಡುವ ಕೋಡಿ ತಂತ್ರಾಂಶ. ಸ್ವಿಚ್ ಹಾಕಿದೊಡನೆ ಬಿಳಿ ಅಕ್ಷರಗಳ ಸಾಲುಗಳು ಸರಸರನೆ ಓಡುತ್ತವೆ. ಕೆಟ್ಟುಹೋಯಿತೆಂದು ಹೆದರಿ ಅಮ್ಮ ಮಧ್ಯದಲ್ಲೇ ಸ್ವಿಚ್ ಆರಿಸಿಬಿಡುತ್ತಾರೆ. ಆ ಅಕ್ಷರಗಳ ಜಾಗದಲ್ಲಿ ಮಗಳು ಬಿಡಿಸಿದ ಚಿತ್ರ ಬರಬೇಕು. ಬೂಟ್ ಆಗುವಾಗ ಚಿತ್ರ ತೋರಿಸುವ ಪ್ಲಿಮತ್ ತಂತ್ರಾಂಶ ಹಾಕಲೇ, ಬೇರೆ ದಾರಿಯಿದೆಯೇ?

ಇರುಳುಗೆಲಸ:
ಪ್ಲಿಮತ್ ಹಾಕಿ. ಆದರೆ ನನಗಾದದ್ದನ್ನು ಕೇಳಿಕೊಂಡು ಹಾಕಿ. ನನಗೆ ಸುಮ್ಮನೆ ನಿಂತ ಚಿತ್ರ ಬೇಡವಾಗಿತ್ತು. ದೀಪದ ಕುಡಿಯೊಂದು ನಿಧಾನವಾಗಿ ಹೊತ್ತಿಕೊಂಡು ಪರದೆಯನ್ನೆಲ್ಲ ಬೆಳಗಬೇಕಿತ್ತು. ಅಂಥ ಚಲನೆಯನ್ನು ನಾವೇ ಬರೆದುಕೊಳ್ಳಲು ಪ್ಲಿಮತ್‌ನಲ್ಲಿರುವ ಸ್ಕ್ರಿಪ್ಟ್ ಮಾಡ್ಯೂಲ್ ಹಿಡಿದು ಕುಳಿತೆ. 96 ಚಿತ್ರಗಳು, ಒಂದೊಂದೂ 1920 × 1080 ಅಳತೆಯ ಪಿಎನ್‌ಜಿ, ಸರಾಸರಿ 1.4 ಎಂಬಿ, ಒಟ್ಟು 134 ಎಂಬಿ. ಪಿಎನ್‌ಜಿ ಮೊದಲೇ ಒತ್ತಿಟ್ಟ ಕಡತ, ಬೂಟ್‌ನ ಮೊದಲ ಹಂತಕ್ಕೆ ಬೇಕಾದ ಕಡತಗಳ ಗಂಟಾದ ಇನಿಟ್‌ರಾಮ್‌ಎಫ್‌ಎಸ್ ಒಳಗೆ ಸೇರಿದಾಗ ಅದು ಮತ್ತೆ ಕುಗ್ಗುವುದಿಲ್ಲ. 62 ಎಂಬಿ ಇದ್ದ ಗಂಟು 196 ಆಯಿತು. ನನ್ನ ಬೂಟ್ ವಿಭಾಗ ಇರುವುದೇ 488 ಎಂಬಿ. ಸಿಸ್ಟಮ್‌ನ ತಿರುಳಾದ ಕರ್ನಲ್‌ನ ಒಂದೊಂದು ಆವೃತ್ತಿಗೂ ಇಂಥ ಗಂಟೊಂದು ಬೇಕು. ಎರಡು ಕರ್ನಲ್‌ಗಳು ಹೇಗೋ ಹಿಡಿಸಿದವು. ಮೂರನೆಯದು ಅಪ್‌ಡೇಟ್‌ನಲ್ಲಿ ಬಂದಾಗ ಜಾಗ ಸಾಲದೆ ಅದರ ಇನಿಟ್‌ರಾಮ್‌ಎಫ್‌ಎಸ್ ತಯಾರಾಗಲೇ ಇಲ್ಲ. ದೋಷದ ಸಂದೇಶ ಕಣ್ಣಮುಂದೆಯೇ ಇತ್ತು. ಓದದೆ, ಯಾವ ಕರ್ನಲ್ ಏಳಬೇಕೆಂದು ಆರಿಸುವ ಗ್ರಬ್ ಅಪ್‌ಡೇಟ್ ಮಾಡಿ ಮಲಗಿದೆ.

ಮರುದಿನ ಸಂಜೆ ಹಾಕಿದರೆ ಕರ್ನಲ್ ಪ್ಯಾನಿಕ್, ಯಂತ್ರ ಅಲ್ಲಿಗೇ ನಿಂತುಬಿಟ್ಟಿತು, ರೂಟ್ ಫೈಲ್ ಸಿಸ್ಟಮ್ ಸಿಗುತ್ತಿಲ್ಲವೆಂದು. ಹಳೆಯ ಕರ್ನಲ್ ಆರಿಸಿಕೊಂಡರೆ ಮುಗಿಯುವ ಕೆಲಸ ಅದು. ಆದರೆ ಅಂದಕ್ಕಾಗಿ ಗ್ರಬ್ ಮೆನುವನ್ನು ನಾನೇ ಅಡಗಿಸಿ ಕಾಯುವ ಸಮಯವನ್ನು ಸೊನ್ನೆ ಮಾಡಿದ್ದೆ. ಮನೆಯಲ್ಲಿದ್ದದ್ದು ಬ್ಲೂಟೂತ್ ಕೀಲಿಮಣೆ, ಗ್ರಬ್‌ಗೆ ಅದು ಕಾಣುವುದೇ ಇಲ್ಲ. ವೈರ್ ಇರುವ ಕೀಲಿಮಣೆಯನ್ನು ಗೆಳೆಯನ ಮನೆಯಿಂದ ತಂದು ಎಸ್ಕೇಪ್ ಒತ್ತಿದೆ. ಒಮ್ಮೆ ತಡವಾಯಿತು, ಪ್ಯಾನಿಕ್. ಇನ್ನೊಮ್ಮೆ ಎರಡು ಸಲ ಒತ್ತಿಬಿಟ್ಟೆ, ಮೆನುವಿನ ಬದಲು ಗ್ರಬ್‌ನ ಬರಿಯ ಆದೇಶದ ಸಾಲು ಬಂತು. ಮೆನು ಕಂಡದ್ದು ಹನ್ನೊಂದನೆಯ ಸಲ. ಅಷ್ಟರಲ್ಲಿ ಮಧ್ಯರಾತ್ರಿ ದಾಟಿತ್ತು.

ಇಷ್ಟಾದರೂ ಬಿಡಲಿಲ್ಲ. 96 ಪೂರ್ಣ ಚಿತ್ರಗಳನ್ನು ಒತ್ತಿದ ರೂಪದಿಂದ ಬಿಚ್ಚಿಟ್ಟರೆ ಒಂದೊಂದಕ್ಕೆ 8 ಎಂಬಿಯಂತೆ ಸುಮಾರು 800 ಎಂಬಿ ರ‍್ಯಾಮ್ ಬೇಕು. ನನ್ನ ಪೆಟ್ಟಿಗೆಯಲ್ಲಿದ್ದದ್ದು 2 ಜಿಬಿ. ಕುಡಿ ಹೊತ್ತುವ ಮೊದಲೇ ಕೋಡಿ ಬಂದು ನಿಲ್ಲುತ್ತಿದ್ದದ್ದು ಏಕೆಂದು ಆಗ ತಿಳಿಯಿತು. ಈಗ 400 × 400 ಅಳತೆಯ 12 ಚಿತ್ರಗಳು, ಹಿಂದೆ ಒಂದೇ ಬಣ್ಣ, ಬೆಳಕು ಏರುವುದನ್ನು ಪಾರದರ್ಶಕತೆಯ ಸಂಖ್ಯೆ ಬದಲಿಸಿ ತೋರಿಸುತ್ತೇನೆ. ಒಂದು ಎಂಬಿಯೂ ಹೆಚ್ಚಾಗಿಲ್ಲ. ಎರಡು ವರ್ಷದಿಂದ ದಿನವೂ ನೋಡುತ್ತಿದ್ದೇನೆ, ಇಂದಿಗೂ ಕುಡಿ ಹೊತ್ತುವಾಗ ಮನಸ್ಸು ಅರಳುತ್ತದೆ.

ಕಪ್ಪುಪರದೆ:
ಇದನ್ನೆಲ್ಲ ಓದಿದ ಮೇಲೂ ಯಾರಾದರೂ ಪ್ಲಿಮತ್ ಹಾಕುತ್ತಾರೆಯೇ? ನಾನು ಕಿತ್ತೆಸೆದೆ. ಬೂಟ್ ಆಗುವಾಗ ಕರ್ನಲ್‌ಗೆ ಕೊಡುವ ಆಯ್ಕೆಗಳ ಸಾಲಿಗೆ ಸಂದೇಶ ತಗ್ಗಿಸುವ ಕ್ವಯೆಟ್, ಲಾಗ್‌ಲೆವೆಲ್ 3, ಮಿನುಗುವ ಕರ್ಸರ್ ಅಡಗಿಸುವ ಆಯ್ಕೆ, ಸೇವೆಗಳನ್ನು ಎಬ್ಬಿಸುವ ಸಿಸ್ಟಮ್‌ಡಿಯ ಸ್ಥಿತಿ ಸಂದೇಶ ಬೇಡವೆಂಬ ಆಯ್ಕೆ, ಇಷ್ಟೇ. ಪರದೆ ಕಪ್ಪಾಗಿರುತ್ತದೆ, ಆಮೇಲೆ ಕೋಡಿ ಬರುತ್ತದೆ. ಚಿತ್ರದ ಆಸೆಗೆ ಬಿದ್ದು ನಾನು ಕಳೆದುಕೊಂಡದ್ದು ಎರಡು ಭಾನುವಾರ. ಸಿಸ್ಟಮ್‌ಡಿ-ಅನಲೈಸ್ ಬ್ಲೇಮ್ ಎಂಬ, ಸೇವೆಗಳು ಹಿಡಿದ ಹೊತ್ತಿನ ಪಟ್ಟಿಯ ತುದಿಯಲ್ಲಿ ಪ್ಲಿಮತ್-ಕ್ವಿಟ್-ವೇಟ್ ಸೇವೆ 14.2 ಸೆಕೆಂಡು ತಿಂದಿತ್ತು. ಒಂದು ಚಿತ್ರಕ್ಕೆ ದಿನವೂ 14 ಸೆಕೆಂಡು! ವರ್ಷಕ್ಕೆ ಎಷ್ಟಾಯಿತೆಂದು ಲೆಕ್ಕ ಹಾಕಿ.

ಸೆಕೆಂಡುಲೆಕ್ಕ:
ಲೆಕ್ಕ ಹಾಕುವ ಮೊದಲು ಆ ಸೇವೆ ಏನು ಮಾಡುತ್ತದೆಂದು ತಿಳಿದುಕೊಳ್ಳಿ. ಅದು ಏನನ್ನೂ ತಿನ್ನುವುದಿಲ್ಲ. ಬೂಟ್ ಮುಗಿದು ಪ್ಲಿಮತ್ ಹೊರಬೀಳುವವರೆಗೆ ಕಾಯುವುದೇ ಅದರ ಕೆಲಸ. ಉಳಿದವರೆಲ್ಲ ದುಡಿದ ಹೊತ್ತು ಅದರ ಹೆಸರಿನ ಮುಂದೆ ಬರುತ್ತದೆ. ಬಾಗಿಲಲ್ಲಿ ಕಾಯುತ್ತ ನಿಂತವನ ಮೇಲೆ ಕಳ್ಳತನ ಹೊರಿಸಿದಂತಾಯಿತು. ಕ್ರಿಟಿಕಲ್-ಚೈನ್ ಆದೇಶ ಕೊಟ್ಟು ನೋಡಿ, ನಿಜವಾಗಿ ತಡಮಾಡಿದವರು ಯಾರೆಂದು ಅಲ್ಲಿ ಕಾಣುತ್ತದೆ. ನನ್ನ ಯಂತ್ರದಲ್ಲಿ ಪ್ಲಿಮತ್ ಇದ್ದಾಗ ಐದು ಸಲ ಅಳೆದೆ, ತೆಗೆದು ಐದು ಸಲ ಅಳೆದೆ. ಸರಾಸರಿಯ ವ್ಯತ್ಯಾಸ 0.4 ಸೆಕೆಂಡು. ನಿಜವಾದ ಕಳ್ಳ ನೆಟ್‌ವರ್ಕ್ ಬರುವವರೆಗೆ ಕಾಯುವ ಸೇವೆ, ಅದೊಂದೇ 9 ಸೆಕೆಂಡು.

ಕಪ್ಪುಪರದೆ:
ನಿಮ್ಮ ಯಂತ್ರ ನಿಮ್ಮದು. ತೆಗೆದ ಮೇಲೆ ನನ್ನದು ಬೇಗ ಬೂಟ್ ಆಗುತ್ತಿದೆ, ಕಣ್ಣಾರೆ ನೋಡುತ್ತಿದ್ದೇನೆ. ನನಗೆ ಪಾಠ ಬೇಡ.

ಸೆಕೆಂಡುಲೆಕ್ಕ:
ಕಣ್ಣಾರೆ ನೋಡುವುದನ್ನು ಅಳತೆ ಎನ್ನುವುದಿಲ್ಲ. ತೆಗೆದ ದಿನ ಇನ್ನೇನೇನು ಬದಲಿಸಿದಿರಿ, ಅದನ್ನು ಮೊದಲು ಹೇಳಿ.

ಹಸಿರುಕಾರ್ಡು:
ಇಂಟೆಲ್ ಇರುವವರು ಪುಣ್ಯವಂತರು, ಅರ್ಧ ಸೆಕೆಂಡಿಗೆ ಜಗಳವಾಡುವಷ್ಟು ಬಿಡುವಿದೆ. ಎನ್ವಿಡಿಯಾ ಗ್ರಾಫಿಕ್ಸ್ ಕಾರ್ಡಿಗೆ ಅದರ ಸ್ವಂತ ಡ್ರೈವರ್ ಇಟ್ಟುಕೊಂಡು ಇದನ್ನು ಮಾಡಿ ನೋಡಿ. ಮೊದಲ ದಿನ ಚಿತ್ರ ಬಂತು, 1024 × 768ರಲ್ಲಿ. ಮುಖಗಳೆಲ್ಲ ಅಡ್ಡಕ್ಕೆ ಎಳೆದಂತಿದ್ದವು. ಎರಡನೆಯ ದಿನ ಕರ್ನಲ್ ಸಾಲಿಗೆ, ಪರದೆಯ ಅಳತೆಯನ್ನು ಡ್ರೈವರೇ ಹೊಂದಿಸಲೆಂದು, ಎನ್ವಿಡಿಯಾ-ಡಿಆರ್‌ಎಂ ಮೋಡ್‌ಸೆಟ್ 1 ಸೇರಿಸಿದೆ. ಚಿತ್ರವೇ ಮಾಯ. ಡ್ರೈವರ್ ಎಚ್ಚರಗೊಳ್ಳುವ ಹೊತ್ತಿಗೆ ಬೂಟ್ ಮುಗಿದಿರುತ್ತಿತ್ತು. ಮೂರನೆಯ ದಿನ ಡ್ರೈವರಿನ ನಾಲ್ಕು ಮಾಡ್ಯೂಲ್‌ಗಳನ್ನು ಇನಿಟ್‌ರಾಮ್‌ಎಫ್‌ಎಸ್ ಒಳಕ್ಕೇ ತುಂಬಿದೆ. ಆಗ ಬಂತು, ಪೂರ್ಣ ಅಳತೆಯಲ್ಲಿ, ಕೂದಲೆಳೆ ಕೂಡ ಎಣಿಸಬಹುದಾದಷ್ಟು ಸ್ಪಷ್ಟವಾಗಿ. ಮುಂದಿನ ತಿಂಗಳು ಡ್ರೈವರ್ ಅಪ್‌ಡೇಟ್ ಬಂದು ಮಾಡ್ಯೂಲ್ ಹೊಸ ಕರ್ನಲ್‌ಗೆ ಕಟ್ಟಿಕೊಳ್ಳಲಿಲ್ಲ, ಮತ್ತೆ ಬಿಳಿ ಅಕ್ಷರ. ಹೀಗೆ ನಾಲ್ಕು ಸಲ. ಐದನೆಯ ಸಲ ಕಾರ್ಡನ್ನೇ ಬಿಚ್ಚಿ ರಟ್ಟಿನ ಡಬ್ಬಿಗೆ ಹಾಕಿದೆ. ಆ ಕಾರ್ಡು ಕೊಳ್ಳಲು ಎಷ್ಟು ಆಸೆಪಟ್ಟಿದ್ದೆನೋ ನನಗೇ ಗೊತ್ತು.

ಪುಟ್ಟಹಲಗೆ:
ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಇಟ್ಟುಕೊಂಡವರ ಪರವಾಗಿ ಒಂದು ಮಾತು. ಕಾಮನಬಿಲ್ಲಿನ ಬಣ್ಣದ ಚೌಕ ಬರುವುದು ಪ್ಲಿಮತ್‌ನಿಂದಲ್ಲ, ಅದು ಸಿಸ್ಟಮ್‌ಗಿಂತ ಮೊದಲು ಏಳುವ ಫರ್ಮ್‌ವೇರ್‌ನದು. ಕಾನ್ಫಿಗ್ ಕಡತದಲ್ಲಿ ಡಿಸೇಬಲ್-ಸ್ಪ್ಲಾಶ್ 1 ಎಂದು ಬರೆದರೆ ಹೋಗುತ್ತದೆ. ಇದನ್ನು ಬರೆದು ಒಂದು ವಾರ ಅದು ಹೋಗದೆ ಗೋಳಾಡಿದೆ. ಬುಕ್‌ವರ್ಮ್ ಆವೃತ್ತಿ ಬಂದ ಮೇಲೆ ಆ ಕಡತ ಬೂಟ್ ಫೋಲ್ಡರಿನೊಳಗಿನ ಫರ್ಮ್‌ವೇರ್ ಫೋಲ್ಡರಿಗೆ ಹೋಗಿದೆ; ನಾನು ಹಳೆಯ ಜಾಗದಲ್ಲೇ ತಿದ್ದುತ್ತಿದ್ದೆ. ಆಮೇಲೆ ಕರ್ನಲ್ ಸಾಲನ್ನು ಇಡುವ ಸಿಎಂಡಿಲೈನ್ ಕಡತ. ಅದರಲ್ಲಿ ಇರುವುದೆಲ್ಲ ಒಂದೇ ಸಾಲಿನಲ್ಲಿರಬೇಕು. ನಾನು ಓದಲು ಚೆನ್ನಾಗಿರಲೆಂದು ಚಿತ್ರ ತೋರಿಸಲು ಹೇಳುವ ಸ್ಪ್ಲಾಶ್ ಪದವನ್ನು ಹೊಸ ಸಾಲಿಗೆ ಇಳಿಸಿದೆ. ಕೆಳಗಿನ ಸಾಲನ್ನು ಪೈ ಓದುವುದೇ ಇಲ್ಲ. ಸ್ಪ್ಲಾಶ್ ಎಲ್ಲಿ ಹೋಯಿತೆಂದು ಹುಡುಕುತ್ತ ಮೆಮೊರಿ ಕಾರ್ಡನ್ನು ಮೂರು ಸಲ ಹೊಸದಾಗಿ ಬರೆದೆ. ಎಂಟರ್ ಕೀಲಿಯ ಒಂದು ಒತ್ತಿಗೆ ಮೂರು ಸಂಜೆ ಹೋದವು.

ಒಂದೇಕಡತ:
ಇಷ್ಟೊಂದು ಸಂಕಟ ಯಾಕೆ? ಕೋಡಿ ಮಾತ್ರ ಬೇಕಿದ್ದರೆ ಕೋಡಿಗಾಗಿಯೇ ಕಟ್ಟಿದ ಲಿಬ್ರೆಎಲೆಕ್ ಸಿಸ್ಟಮ್ ಹಾಕಿ. ಚಿತ್ರಕ್ಕೆ ಓಇಎಂಸ್ಪ್ಲಾಶ್ ಎಂದು ಹೆಸರಿಟ್ಟ ಒಂದು ಪಿಎನ್‌ಜಿಯನ್ನು ಫ್ಲ್ಯಾಶ್ ವಿಭಾಗದಲ್ಲಿ ಇಟ್ಟರೆ ಸಾಕು. ಆ ವಿಭಾಗ ಓದಲು ಮಾತ್ರ ತೆರೆದಿರುತ್ತದೆ, ಬರೆಯಲು ಮತ್ತೆ ಮೌಂಟ್ ಮಾಡಿಕೊಳ್ಳಬೇಕು, ಅಷ್ಟೇ. ಕೋಡಿಯ ಸ್ವಂತ ಲಾಂಛನ ಬೇಡವಾದರೆ ಅಡ್ವಾನ್ಸ್ಡ್ ಸೆಟ್ಟಿಂಗ್ಸ್ ಕಡತದಲ್ಲಿ ಸ್ಪ್ಲಾಶ್ ಫಾಲ್ಸ್ ಎಂದು ಬರೆಯಿರಿ. ಐದು ನಿಮಿಷದಲ್ಲಿ ಮುಗಿಸಿದೆ. ಆಮೇಲೆ ಒಂದು ದಿನವೂ ತಲೆನೋವಿಲ್ಲ.

ಇರುಳುಗೆಲಸ:
ಅದು ಬೀಗ ಹಾಕಿದ ಡಬ್ಬಿ. ಒಳಗಿನ ಸಿಸ್ಟಮ್ ಸ್ಕ್ವಾಶ್‌ಎಫ್‌ಎಸ್, ಏನನ್ನೂ ತಿದ್ದಲು ಬಿಡುವುದಿಲ್ಲ, ಪ್ಯಾಕೇಜ್ ಹಾಕಲು ಆಪ್ಟ್ ಕೂಡ ಇಲ್ಲ. ನನ್ನ ಪೆಟ್ಟಿಗೆ ಟಿವಿ ತೋರಿಸುವುದಲ್ಲದೆ ಮನೆಯ ಫೋಟೋಗಳನ್ನು ಕಾಪಿಡುತ್ತದೆ, ಮುದ್ರಣವನ್ನೂ ನೋಡಿಕೊಳ್ಳುತ್ತದೆ. ಅದನ್ನೆಲ್ಲ ಬಿಟ್ಟುಕೊಟ್ಟು ಐದು ನಿಮಿಷ ಉಳಿಸಬೇಕೇ?

ಒಂದೇಕಡತ:
ಬೀಗ ಹಾಕಿರುವುದರಿಂದಲೇ ನನ್ನ ಮನೆಯಲ್ಲಿ ಯಾರೂ ರಾತ್ರಿ ಎರಡು ಗಂಟೆಗೆ ಕೀಲಿಮಣೆ ಸಾಲ ಕೇಳಲು ಹೋಗಿಲ್ಲ.

ಇರುಳುಗೆಲಸ:
ಕಲಿತದ್ದಕ್ಕೆ ನಾನು ನಾಚುವುದಿಲ್ಲ. ಅಂದು ಪ್ಯಾನಿಕ್ ಆಗದಿದ್ದರೆ ಇನಿಟ್‌ರಾಮ್‌ಎಫ್‌ಎಸ್ ಎಂದರೇನೆಂದು ಇವತ್ತಿಗೂ ನನಗೆ ಗೊತ್ತಿರುತ್ತಿರಲಿಲ್ಲ. ನೀವು ಅದರ ಮುಖ ನೋಡಿಲ್ಲ, ನಾನು ನೋಡಿದ್ದೇನೆ.

ಹಳೆಯಬಳಕೆದಾರ:
ಇಬ್ಬರೂ ಸಮಾಧಾನ ಮಾಡಿಕೊಳ್ಳಿ. ಆರ್‌ಎಚ್‌ಜಿಬಿ ಎಂಬ, ಪ್ಲಿಮತ್‌ಗೂ ಹಿಂದಿನ ಬೂಟ್ ಚಿತ್ರದ ಕಾಲದಿಂದ ನೋಡಿಕೊಂಡು ಬಂದವನು ನಾನು. ಆಗ ಒಂದು ಚಿತ್ರ ತೋರಿಸಲು ಬೂಟ್ ನಡುವೆ ಕಿಟಕಿಗಳನ್ನು ಪರದೆಗೆ ತರುವ ಎಕ್ಸ್ ಸರ್ವರನ್ನೇ ಎಬ್ಬಿಸಬೇಕಿತ್ತು. 2008ರ ಫೆಡೋರಾ 10 ಲಿನಕ್ಸ್‌ನಲ್ಲಿ ಪ್ಲಿಮತ್ ಬಂದ ಮೇಲೆ ಆ ಕಷ್ಟ ತಪ್ಪಿತು. ಮುಂದೆ 2010ರ ಉಬುಂಟು 10.04ಕ್ಕೂ ಬಂತು. 2019ರ ಫೆಡೋರಾ 30ರಲ್ಲಂತೂ ತಯಾರಕರ ಲಾಂಛನದಿಂದ ಲಾಗಿನ್‌ವರೆಗೆ ಪರದೆ ಒಮ್ಮೆಯೂ ಮಿನುಗದೆ ಸಾಗಿತು. ಬಯಾಸ್ ತೋರಿಸಿದ ಲಾಂಛನವನ್ನೇ ಬಿಜಿಆರ್‌ಟಿ ಎಂಬ, ಫರ್ಮ್‌ವೇರ್ ಬಿಟ್ಟಿಡುವ ಎಸಿಪಿಐ ಕೋಷ್ಟಕದಿಂದ ಎತ್ತಿಕೊಂಡು ಅದರ ಕೆಳಗೆ ಚಕ್ರ ತಿರುಗಿಸಿದರು. ಅಂದು ಅದನ್ನು ನೋಡಿ ಯಂತ್ರವನ್ನು ಮೂರು ಸಲ ಆರಿಸಿ ಹಾಕಿದ್ದೆ. ಇಷ್ಟು ವರ್ಷದ ಶ್ರಮವನ್ನು ಕಿತ್ತೆಸೆದೆ ಎಂದು ಹೆಮ್ಮೆಯಿಂದ ಬರೆಯುವವರನ್ನು ಕಂಡರೆ ನೋವಾಗುತ್ತದೆ.

ಕಪ್ಪುಪರದೆ:
ನನ್ನ ಹೆಸರು ಹಿಡಿದೇ ಹೇಳಿ. ಕಿತ್ತೆಸೆದದ್ದು ನನ್ನ ಮನೆಯ ಯಂತ್ರದಿಂದ, ನಿಮ್ಮದರಿಂದಲ್ಲ. ಅಂದಹಾಗೆ ಸೆಕೆಂಡುಲೆಕ್ಕ ಅವರೇ, ಹುಡುಕಿದೆ. ಅದೇ ದಿನ ನೆಟ್‌ವರ್ಕ್‌ಗೆ ಕಾಯುವ ಸೇವೆಯನ್ನೂ ನಿಲ್ಲಿಸಿದ್ದೆ. ಆದರೂ ಕಪ್ಪು ಪರದೆಯೇ ನನಗಿಷ್ಟ.

ಟಿವಿಮೂಲೆ:
ಎಲ್ಲರಿಗೂ ವಂದನೆ. ಇಂಟೆಲ್ ಆದದ್ದರಿಂದ ಸುಲಭವಾಗಿಯೇ ಆಯಿತು. ಪ್ಲಿಮತ್‌ನಲ್ಲಿ ಇದ್ದ ಥೀಮನ್ನು ತಿದ್ದಲಿಲ್ಲ, ಪ್ಯಾಕೇಜ್ ಅಪ್‌ಡೇಟ್ ಆದಾಗ ಅಳಿದುಹೋಗುತ್ತದೆಂದು ಹೊಸ ಹೆಸರಿನ ಫೋಲ್ಡರ್ ಮಾಡಿಕೊಂಡೆ. ಒಂದೇ ಚಿತ್ರ, ಆರು ಸಾಲಿನ ಸ್ಕ್ರಿಪ್ಟ್. ಮೊದಲು ಪರದೆಯ ಅಗಲ ಎತ್ತರಕ್ಕೆ ಹಿಗ್ಗಿಸಿದ್ದೆ, ಚಿತ್ರದಲ್ಲಿದ್ದ ಬೆಕ್ಕು ಹಂದಿಯಷ್ಟು ಅಗಲವಾಯಿತು, ಮಗಳು ಅತ್ತೇಬಿಟ್ಟಳು. ಎತ್ತರಕ್ಕೆ ಮಾತ್ರ ಹೊಂದಿಸಿ ಎರಡು ಬದಿಗೂ ಕಾಗದದ ಬಣ್ಣವನ್ನೇ ತುಂಬಿದೆ. ಥೀಮ್ ಆರಿಸುವ ಆದೇಶಕ್ಕೆ ದೊಡ್ಡಕ್ಷರದ ಆರ್ ಸೇರಿಸಿದರೆ ಇನಿಟ್‌ರಾಮ್‌ಎಫ್‌ಎಸ್ ತಾನೇ ಹೊಸದಾಗುತ್ತದೆ. ಗ್ರಬ್ ಮೆನುವಿಗೆ ಎರಡು ಸೆಕೆಂಡು ಉಳಿಸಿಕೊಂಡಿದ್ದೇನೆ. ಅಮ್ಮ ಈಗ ಸ್ವಿಚ್ ಮುಟ್ಟುವುದಿಲ್ಲ, ಚಿತ್ರ ನೋಡುತ್ತ ಕೂರುತ್ತಾರೆ.

ಒಂದೇ ಕೊರತೆ. ಮಗಳು ಬಲಗಡೆಯ ಕೆಳಮೂಲೆಯಲ್ಲಿ ನೀಲಿ ಪೆನ್ಸಿಲಿನಿಂದ ತನ್ನ ಹೆಸರು ಬರೆದಿದ್ದಾಳೆ. ಮಾನಿಟರಿನಲ್ಲಿ ಪೂರ್ತಿ ಕಾಣುತ್ತದೆ. ಟಿವಿಯಲ್ಲಿ ಅಕ್ಷರಗಳ ತಲೆಕಟ್ಟು ಮಾತ್ರ ಉಳಿದು ಮಿಕ್ಕದ್ದು ಅಂಚಿನಾಚೆ ಹೋಗಿದೆ.

ಹಸಿರುಕಾರ್ಡು:
ಓವರ್‌ಸ್ಕ್ಯಾನ್. ಟಿವಿಯೇ ಅಂಚನ್ನು ಕತ್ತರಿಸುತ್ತಿದೆ. ಚಿತ್ರದ ಸುತ್ತ ನೂರಕ್ಕೆ ಐದರಷ್ಟು ಅಂಚು ಬಿಡಿ, 1080ರಲ್ಲಿ ಮೇಲೆ ಕೆಳಗೆ 54 ಪಿಕ್ಸೆಲ್.

ಸೆಕೆಂಡುಲೆಕ್ಕ:
ಅಂಚು ಬಿಡಬೇಡಿ! ತಪ್ಪು ಟಿವಿಯದು. ಅದರ ಚಿತ್ರದ ಅಳತೆಯ ಮೆನುವಿನಲ್ಲಿ ಒಂದಕ್ಕೆ ಒಂದು ಪಿಕ್ಸೆಲ್ ಎಂಬರ್ಥದ ಆಯ್ಕೆಯಿರುತ್ತದೆ, ಅದನ್ನು ಆರಿಸಿ. ಇಲ್ಲವಾದರೆ ನೀವು ನೋಡುವ ಪ್ರತಿಯೊಂದು ಚಲನಚಿತ್ರದ ಅಂಚೂ ಕತ್ತರಿಸಿಹೋಗುತ್ತಿರುತ್ತದೆ, ಇಷ್ಟು ವರ್ಷ ಹೋಗಿದೆ ಕೂಡ.

ಹಸಿರುಕಾರ್ಡು:
ನನ್ನ ಟಿವಿಯಲ್ಲಿ ಆ ಆಯ್ಕೆಯೇ ಇಲ್ಲ. ಎಲ್ಲರ ಮನೆಯಲ್ಲೂ ನಿಮ್ಮ ಟಿವಿಯೇ ಇರುತ್ತದೆಂದು ಏಕೆ ಅಂದುಕೊಳ್ಳುತ್ತೀರಿ?

ಸೆಕೆಂಡುಲೆಕ್ಕ:
ಇನ್‌ಪುಟ್‌ಗೆ ಪಿಸಿ ಎಂದು ಹೆಸರಿಟ್ಟು ನೋಡಿದ್ದೀರಾ? ಕೆಲವು ಟಿವಿಗಳು ಆಗ ಮಾತ್ರ ಕತ್ತರಿಸುವುದನ್ನು ಬಿಡುತ್ತವೆ.

ಟಿವಿಮೂಲೆ:
ಇನ್‌ಪುಟ್ ಹೆಸರು ಬದಲಿಸಿದೆ. ಹೆಸರು ಪೂರ್ತಿ ಬಂತು, ಕೊನೆಯ ಅಕ್ಷರದ ಕೆಳಗೆ ಅವಳು ಎಳೆದ ಗೆರೆಯೂ ಬಂತು.