ತೃಣವೆಂದು ಕಡೆಗಣಿಸುವ ಹುಲ್ಲು ಕತೆಗಳಲ್ಲಿ ಅಸ್ತ್ರವಾಗುವುದು ಏಕೆ?

ಪ್ರಶ್ನೆ: ಕಾವ್ಯಾಸಕ್ತ

ಎಲ್ಲರಿಗೂ ನಮಸ್ಕಾರ. ದಿನನಿತ್ಯದ ಮಾತಿನಲ್ಲಿ ಹುಲ್ಲು ಎಂದರೆ ಬೆಲೆಯಿಲ್ಲದ್ದು. ಯಾರನ್ನಾದರೂ ಲೆಕ್ಕಕ್ಕಿಡದಿದ್ದರೆ ಹುಲ್ಲುಕಡ್ಡಿಗಿಂತ ಕಡೆಯಾಗಿ ಕಂಡರು ಎನ್ನುತ್ತೇವೆ. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ ಎನ್ನುವಾಗ ಅದಕ್ಕಿಂತ ದುರ್ಬಲವಾದ ಆಸರೆ ಇನ್ನಿಲ್ಲವೆಂಬುದೇ ನಮ್ಮ ಅಭಿಪ್ರಾಯ. ಸ್ವಾಭಿಮಾನಿಯನ್ನು ಹೊಗಳಬೇಕಾದಾಗಲೂ ಹಸಿದರೂ ಹುಲಿ ಹುಲ್ಲು ಮೇಯದು ಎಂದು ಹುಲ್ಲನ್ನೇ ತಗ್ಗಿಸುತ್ತೇವೆ. ಆದರೆ ನಮ್ಮ ಪ್ರಾಚೀನ ಕಾವ್ಯಗಳಲ್ಲಿ ಇದೇ ಹುಲ್ಲು ದೇವತೆಗಳನ್ನು ಸೋಲಿಸುತ್ತದೆ, ರಾಕ್ಷಸನನ್ನು ತಡೆಯುತ್ತದೆ, ಅಸ್ತ್ರವಾಗಿ ಬೆನ್ನಟ್ಟುತ್ತದೆ. ಇವು ಒಂದಕ್ಕೊಂದು ಸಂಬಂಧವಿಲ್ಲದ ಎರಡು ಅರ್ಥಗಳೋ, ಅಥವಾ ಒಂದರೊಳಗಿಂದ ಇನ್ನೊಂದು ಹುಟ್ಟಿತೋ? ಬೇರೆ ಭಾಷೆಗಳ ಸಾಹಿತ್ಯದಲ್ಲಿಯೂ ಈ ಇಬ್ಬಂದಿತನ ಇದೆಯೇ? ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ.

ಉತ್ತರ: ಹಳೆಯ ಓದುಗ

ಎರಡನೆಯದು ಮೊದಲನೆಯದರಿಂದಲೇ ಹುಟ್ಟಿದೆ ಎಂಬುದು ನನ್ನ ಅಭಿಪ್ರಾಯ. ಹುಲ್ಲು ಬೆಲೆಯಿಲ್ಲದ್ದು ಎಂಬ ನಂಬಿಕೆ ಕೇಳುಗನಲ್ಲಿ ಮೊದಲೇ ಗಟ್ಟಿಯಾಗಿ ಇರದಿದ್ದರೆ ಆ ಕತೆಗಳಲ್ಲಿ ಒಂದಕ್ಕೂ ಬಲ ಬರುತ್ತಿರಲಿಲ್ಲ.

ಕೇನೋಪನಿಷತ್ತಿನ ಯಕ್ಷನ ಪ್ರಸಂಗವನ್ನೇ ನೋಡಿ. ಅಸುರರನ್ನು ಗೆದ್ದ ದೇವತೆಗಳು ಆ ಗೆಲುವು ತಮ್ಮದೇ ಎಂದು ಬೀಗುತ್ತಿದ್ದಾಗ ಯಕ್ಷನೊಬ್ಬ ಎದುರಿಗೆ ಕಾಣಿಸಿಕೊಳ್ಳುತ್ತಾನೆ; ಭೂಮಿಯ ಮೇಲಿರುವುದನ್ನೆಲ್ಲ ಸುಡಬಲ್ಲೆ ಎಂದ ಅಗ್ನಿಯ ಮುಂದೆ ಒಂದು ಹುಲ್ಲುಕಡ್ಡಿಯನ್ನಿಟ್ಟು ಇದನ್ನು ಸುಡು ಎನ್ನುತ್ತಾನೆ, ಅಗ್ನಿಗೆ ಅದು ಸಾಧ್ಯವಾಗುವುದಿಲ್ಲ; ಎಲ್ಲವನ್ನೂ ಹೊತ್ತೊಯ್ಯಬಲ್ಲೆ ಎಂದ ವಾಯುವಿಗೆ ಅದನ್ನು ಕದಲಿಸಲೂ ಆಗುವುದಿಲ್ಲ. ಯಕ್ಷನು ಅಲ್ಲಿ ಒಂದು ಬೆಟ್ಟವನ್ನು ಇಟ್ಟಿದ್ದರೆ ದೇವತೆಗಳಿಗೆ ಅದು ಕೇವಲ ಸೋಲಾಗುತ್ತಿತ್ತು. ಹುಲ್ಲನ್ನು ಇಟ್ಟದ್ದರಿಂದ ನಾಚಿಕೆಯೂ ಆಯಿತು. ಗಮನಿಸಬೇಕಾದ ಇನ್ನೊಂದು ಅಂಶವೆಂದರೆ, ಅಲ್ಲಿ ಹುಲ್ಲು ಏನನ್ನೂ ಮಾಡುವುದಿಲ್ಲ, ಸುಮ್ಮನೆ ಬಿದ್ದಿರುತ್ತದೆ.

ಸುಂದರಕಾಂಡದಲ್ಲಿ ಅಶೋಕವನದ ಸೀತೆ ರಾವಣನಿಗೆ ಉತ್ತರಿಸುವ ಮೊದಲು ತಮ್ಮಿಬ್ಬರ ನಡುವೆ ಒಂದು ಹುಲ್ಲುಕಡ್ಡಿಯನ್ನು ಇಡುತ್ತಾಳೆ. ಪರಪುರುಷನೊಡನೆ ನೇರವಾಗಿ ಮಾತನಾಡಬಾರದೆಂಬ ಮರ್ಯಾದೆಗಾಗಿ ಇಟ್ಟಳು, ನೀನು ನನಗೆ ಇದಕ್ಕೆ ಸಮಾನ ಎಂದು ತೋರಿಸಲು ಇಟ್ಟಳು ಎಂದು ವ್ಯಾಖ್ಯಾನಕಾರರು ಹಲವು ಬಗೆಯ ಅರ್ಥಗಳನ್ನು ಹೇಳಿದ್ದಾರೆ. ನನಗೆ ಎರಡನೆಯದೇ ಹೆಚ್ಚು ಒಪ್ಪಿಗೆ. ಹಾಗೆ ಓದಿದರೆ, ನೀವು ಹೇಳಿದ ಆಡುಮಾತಿನ ತಿರಸ್ಕಾರವನ್ನೇ ಅವಳು ಬಾಯಿಬಿಡದೆ ನುಡಿದಂತಾಗುತ್ತದೆ. ಅದೇ ಕಾಂಡದಲ್ಲಿ ಅವಳು ಹನುಮಂತನಿಗೆ ಗುರುತಿಗಾಗಿ ಹೇಳುವ, ತನ್ನನ್ನು ಕುಕ್ಕಿ ಗಾಯಗೊಳಿಸಿದ ಕಾಗೆಯ ಕತೆಯಲ್ಲಿ, ರಾಮನು ತಾನು ಮಲಗಿದ್ದ ದರ್ಭೆಯ ಹಾಸಿನಿಂದಲೇ ಒಂದು ಎಳೆಯನ್ನು ಕಿತ್ತು ಬ್ರಹ್ಮಾಸ್ತ್ರವನ್ನಾಗಿ ಮಾಡುತ್ತಾನೆ. ಮೂರು ಲೋಕ ಸುತ್ತಿದರೂ ಕಾಗೆಗೆ ಅದರಿಂದ ಬಿಡುಗಡೆ ಸಿಗುವುದಿಲ್ಲ.

ಮಹಾಭಾರತದ ಹುಲ್ಲು ಮಾತ್ರ ಇಷ್ಟು ಸೌಮ್ಯವಲ್ಲ. ಬಾವಿಗೆ ಬಿದ್ದ ಚೆಂಡನ್ನು ದ್ರೋಣನು ಹುಲ್ಲುಕಡ್ಡಿಗಳನ್ನು ಒಂದರ ಹಿಂದೊಂದು ನೆಟ್ಟು ಮೇಲೆತ್ತಿದ್ದು ಕೈಚಳಕದ ಕತೆ. ಅವನ ಮಗ ಅಶ್ವತ್ಥಾಮನು ಸೌಪ್ತಿಕಪರ್ವದಲ್ಲಿ ಅಂಥದ್ದೇ ಒಂದು ಕಡ್ಡಿಯನ್ನು ಎತ್ತಿಕೊಂಡು ಪಾಂಡವರ ವಂಶವನ್ನೇ ಅಳಿಸಲು ಬ್ರಹ್ಮಶಿರೋಸ್ತ್ರವನ್ನು ಬಿಡುತ್ತಾನೆ. ಮೌಸಲಪರ್ವದಲ್ಲಿ ಪ್ರಭಾಸದ ಯಾದವರು ಕಿತ್ತ ಏರಕವೆಂಬ ಹುಲ್ಲು ಅವರ ಕೈಯಲ್ಲಿ ಒನಕೆಯಾಗಿ ಅವರನ್ನೇ ಮುಗಿಸುತ್ತದೆ. ತಂದೆಯ ಕೈಯಲ್ಲಿ ಆಟವಾಗಿದ್ದದ್ದು ಮಗನ ಕೈಯಲ್ಲಿ ಏನಾಯಿತು ಎಂಬುದನ್ನು ಆ ಕವಿ ಎಲ್ಲಿಯೂ ಬೆರಳಿಟ್ಟು ತೋರಿಸುವುದಿಲ್ಲ. ಓದುವವರೇ ಜೋಡಿಸಿಕೊಳ್ಳಬೇಕು.

ಉತ್ತರ: ಸಸ್ಯಮಿತ್ರ

ಹಳೆಯ ಓದುಗರ ವಿವರಣೆ ಚೆನ್ನಾಗಿದೆ, ಆದರೆ ಅದು ಹುಲ್ಲನ್ನು ಕೇವಲ ಸಂಕೇತವನ್ನಾಗಿ ನೋಡುತ್ತದೆ. ಗಿಡದ ಸ್ವಭಾವವನ್ನೂ ಸ್ವಲ್ಪ ಗಮನಿಸಿದರೆ ಕವಿಗಳ ಭಿನ್ನಮತಕ್ಕೆ ಕಾರಣ ಸಿಗುತ್ತದೆ. ಹುಲ್ಲಿನ ಎಲೆ ಬೆಳೆಯುವುದು ತುದಿಯಿಂದಲ್ಲ, ಬುಡದಿಂದ. ಆದ್ದರಿಂದ ದನ ಮೇಯ್ದರೂ, ಕತ್ತಿಯಿಂದ ಕೊಯ್ದರೂ ಉಳಿದ ಭಾಗ ಮತ್ತೆ ಮೇಲೇಳುತ್ತದೆ. ಅನೇಕ ಬಗೆಯ ಹುಲ್ಲುಗಳಲ್ಲಿ ನೆಲದೊಳಗೇ ಹರಿಯುವ ಕಾಂಡವಿರುವುದರಿಂದ ಮೇಲೆ ಬೆಂಕಿ ಹಾಯ್ದು ಹೋದರೂ ಜೀವ ಕೆಳಗೆ ಉಳಿದಿರುತ್ತದೆ. ಬೈಬಲ್ಲಿನ ಯೆಶಾಯ ಗ್ರಂಥದ 40ನೆಯ ಅಧ್ಯಾಯವು ಮನುಷ್ಯರೆಲ್ಲ ಹುಲ್ಲಿನಂತೆ ಒಣಗಿಹೋಗುವವರು ಎನ್ನುತ್ತದೆ. ತಾಂಗ್ ಕಾಲದ ಚೀನೀ ಕವಿ ಬಾಯ್ ಜೂಯಿ ಕಾಡ್ಗಿಚ್ಚು ಹುಲ್ಲನ್ನು ಸುಟ್ಟು ಮುಗಿಸಲಾರದು, ವಸಂತದ ಗಾಳಿ ಬೀಸಿದೊಡನೆ ಅದು ಮರಳಿ ಹುಟ್ಟುತ್ತದೆ ಎನ್ನುತ್ತಾನೆ. ಒಬ್ಬರು ಎಲೆಯನ್ನು ನೋಡಿದ್ದಾರೆ, ಇನ್ನೊಬ್ಬರು ಬುಡವನ್ನು. ಇಬ್ಬರ ಮಾತೂ ಸರಿಯೇ.

ಬೆಲೆಯಿಲ್ಲದ್ದು ಎಂಬ ಮಾತನ್ನಂತೂ ನಾನು ಒಪ್ಪುವುದಿಲ್ಲ. ಭತ್ತ, ಗೋಧಿ, ಮೆಕ್ಕೆಜೋಳ, ಕಬ್ಬು, ಬಿದಿರು ಎಲ್ಲವೂ ಸುಮಾರು 12,000 ಪ್ರಭೇದಗಳಿರುವ ಹುಲ್ಲಿನ ಕುಟುಂಬಕ್ಕೆ ಸೇರಿದವು. ಹುಲಿ ಹುಲ್ಲು ಮೇಯದಿರಬಹುದು, ಗಾದೆ ಕಟ್ಟಿದವರು ಮಾತ್ರ ಅದರ ಕಾಳನ್ನು ಉಂಡೇ ಕಟ್ಟಿದ್ದಾರೆ. ಹುಲ್ಲಿಗೂ ಹೂವಿದೆ; ಗಾಳಿಯೇ ಪರಾಗವನ್ನು ಹೊತ್ತೊಯ್ಯುವುದರಿಂದ ದುಂಬಿಯನ್ನು ಕರೆಯುವ ಬಣ್ಣದ ಎಸಳು ಅದಕ್ಕೆ ಬೇಕಾಗಿಲ್ಲ, ಹಾಗಾಗಿ ಕವಿಗಳೂ ಅದರ ಹೂವಿನ ಕಡೆಗೆ ಅಷ್ಟಾಗಿ ತಿರುಗಲಿಲ್ಲ.

ಉತ್ತರ: ಪ್ರವಾಸಿ

ಹುಲ್ಲು ಮುಚ್ಚುತ್ತದೆ ಎಂಬ ಅರ್ಥವನ್ನು ಇಬ್ಬರೂ ಬಿಟ್ಟಿದ್ದೀರಿ. ಜಪಾನಿನ ಕವಿ ಬಾಶೋ 1689ರ ಪ್ರವಾಸದಲ್ಲಿ ಹಿರಾಯಿಜುಮಿಗೆ ಬಂದಾಗ, 500 ವರ್ಷಗಳ ಹಿಂದೆ ಯೊಶಿತ್ಸುನೆ ಎಂಬ ಯೋಧ ಮತ್ತು ಅವನ ಸಂಗಡಿಗರು ಮಡಿದ ಸ್ಥಳದಲ್ಲಿ ಬೇಸಗೆಯ ಹುಲ್ಲನ್ನಷ್ಟೇ ಕಂಡು, ಯೋಧರ ಕನಸುಗಳಲ್ಲಿ ಉಳಿದದ್ದು ಇದಿಷ್ಟೇ ಎಂದು ಹಾಯ್ಕು ಬರೆದನು. ಅಮೆರಿಕದ ಕಾರ್ಲ್ ಸ್ಯಾಂಡ್‌ಬರ್ಗ್ 1918ರಲ್ಲಿ, ಮೊದಲ ಮಹಾಯುದ್ಧ ಮುಗಿದ ವರ್ಷದಲ್ಲಿ, ಪ್ರಕಟಿಸಿದ ಕವಿತೆಯಲ್ಲಿ ಹುಲ್ಲೇ ಮಾತನಾಡುತ್ತದೆ. ವಾಟರ್ಲೂ, ಗೆಟಿಸ್‌ಬರ್ಗ್, ವೆರ್ಡನ್‌ ರಣಭೂಮಿಗಳಲ್ಲಿ ಹೆಣಗಳನ್ನು ಒಟ್ಟಿ ಹೂಳಿ, ನನ್ನ ಕೆಲಸ ನನಗೆ ಬಿಡಿ ಎನ್ನುತ್ತದೆ. ಕೆಲವು ವರ್ಷಗಳ ಬಳಿಕ ರೈಲಿನ ಪ್ರಯಾಣಿಕರು ಇದು ಯಾವ ಊರು ಎಂದು ಕೇಳುತ್ತಾರೆ. ಬಾಶೋವಿನ ಹುಲ್ಲಿನ ಮುಂದೆ ನಿಂತವನಿಗೆ ನೆನಪಿದೆ, ಸ್ಯಾಂಡ್‌ಬರ್ಗ್‌ನ ಹುಲ್ಲಿನ ಮುಂದೆ ಹಾಯುವವರಿಗೆ ಅದೂ ಇಲ್ಲ. ಎರಡನ್ನೂ ವಿಷಾದದ ಪದ್ಯಗಳೆಂದು ಒಂದೇ ಗುಂಪಿಗೆ ಸೇರಿಸುವುದು ನನಗೆ ಸರಿಯೆನಿಸುವುದಿಲ್ಲ.

ಪ್ರತಿಕ್ರಿಯೆ: ಕಾವ್ಯಾಸಕ್ತ

ಮೂವರಿಗೂ ಧನ್ಯವಾದಗಳು. ಹಳೆಯ ಓದುಗರ ವಾದವನ್ನು ಬಹುಮಟ್ಟಿಗೆ ಒಪ್ಪುತ್ತೇನೆ. ಡಿ.ವಿ.ಜಿ.ಯವರು ಬೆಟ್ಟದಡಿಯ ಹುಲ್ಲಾಗು ಎಂದಾಗಲೂ ತಗ್ಗಿರುವುದನ್ನೇ ಒಂದು ಗುಣವನ್ನಾಗಿ ಎತ್ತಿ ಹಿಡಿದಿದ್ದಾರೆ. ಅಲ್ಲಿ ಯಾರನ್ನೂ ಸೋಲಿಸುವ ಮಾತಿಲ್ಲ ಎಂಬುದಷ್ಟೇ ವ್ಯತ್ಯಾಸ. ಆದರೆ ಆನೆಗಳು ಕಾದಾಡಿದರೆ ನಲುಗುವುದು ಹುಲ್ಲು ಎಂಬ ಆಫ್ರಿಕಾದ ಗಾದೆ ಈ ಚೌಕಟ್ಟಿಗೆ ಹೊಂದುವುದಿಲ್ಲ. ಆ ಹುಲ್ಲು ಅಸ್ತ್ರವಾಗುವುದಿಲ್ಲ, ಯಾರ ಗರ್ವವನ್ನೂ ಇಳಿಸುವುದಿಲ್ಲ, ಯಾವುದನ್ನೂ ಮುಚ್ಚುವುದಿಲ್ಲ. ಬುಡದಿಂದ ಮತ್ತೆ ಚಿಗುರುತ್ತದೆ ಎಂದು ಸಸ್ಯಮಿತ್ರರು ಸಮಾಧಾನ ಹೇಳಬಹುದು. ಆ ಸಮಾಧಾನ ಆನೆಗಳಿಗೇ ಹೆಚ್ಚು ಅನುಕೂಲವೆಂದು ನನಗೆ ತೋರುತ್ತದೆ.