ಬೀಜದಳಕ್ಕೆ ‘ಬೇಳೆ’ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ. ನಾನು ಸೋಮವಾರಪೇಟೆ ಕಡೆಯ ಶಾಲೆಯೊಂದರಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಮಕ್ಕಳ ಕೈಯಲ್ಲೇ ಬೀಜ ಮೊಳೆಸುವಾಗ ಒಂದು ಪದ ತೊಡಕಾಯಿತು. ನಿಮ್ಮ ಸಹಾಯ ಬೇಕು.

ಗಾಜಿನ ಲೋಟದ ಒಳಮೈಗೆ ಒದ್ದೆ ಕಾಗದ ಸುತ್ತಿ, ಕಾಗದಕ್ಕೂ ಗಾಜಿಗೂ ನಡುವೆ ಒಂದು ಕಡೆ ಹೆಸರುಕಾಳು, ಇನ್ನೊಂದು ಕಡೆ ಕಡಲೆಕಾಳು ಸಿಕ್ಕಿಸಿದ್ದೆವು. ಎರಡೂ ಮೊದಲು ಬೇರು ಬಿಟ್ಟವು. ಆಮೇಲೆ ಹೆಸರು ಕೊಕ್ಕೆಯ ಹಾಗೆ ಬಗ್ಗಿ, ತನ್ನ ಎರಡೂ ಹೋಳು ಹೊತ್ತುಕೊಂಡೇ ಮೇಲೆದ್ದಿತು. ಕಡಲೆ ಹೋಳುಗಳನ್ನು ಕೆಳಗೇ ಬಿಟ್ಟು ಕುಡಿಯನ್ನಷ್ಟೇ ಕಳಿಸಿತು. ಪುಸ್ತಕದಲ್ಲಿ ಈ ಹೋಳಿಗೆ ‘ಬೀಜದಳ’ ಅಂತಿದೆ. ಒಬ್ಬಳು ಹುಡುಗಿ ಲೋಟಕ್ಕೆ ಮುಖ ಹಚ್ಚಿ ನೋಡಿ, “ಮೇಡಂ, ಇದು ಬೇಳೆ ಅಲ್ವಾ?” ಅಂದಳು.

ಹೌದು, ದಿನಾ ಸಾರಿಗೆ ಹಾಕುವ ಬೇಳೆ ಬೀಜದಳವೇ. ‘ದಳ’ ಅಂದರೆ ಮಕ್ಕಳಿಗೆ ಹೂವಿನ ಎಸಳು ನೆನಪಾಗುತ್ತದೆ. ದ್ವಿದಳ ಸಸ್ಯ ಅಂದರೆ ಎರಡೇ ಎಸಳಿನ ಹೂ ಬಿಡುವ ಗಿಡ ಅಂತ ಬರೆದವರೂ ಇದ್ದಾರೆ. ‘ಎರಡು ಬೇಳೆಯ ಗಿಡ’ ಅಂದ ಮೇಲೆ ಆ ತಪ್ಪು ನಿಂತಿತು. ನನಗೆ ತುಂಬಾ ಖುಷಿಯಾಯಿತು.

ತೊಡಕು ಬಂದದ್ದು ಕಾಫಿಯಿಂದ. ಡಿಸೆಂಬರ್‌ನಲ್ಲಿ ಒಬ್ಬ ಹುಡುಗ ಅರೇಬಿಕಾ ಹಣ್ಣು ತಂದು ಹಿಚುಕಿದ. ಒಳಗೆ ಎರಡು ಬೀಜ. “ಇದೂ ಎರಡು ಬೇಳೆ” ಅಂದ. ಮುಂದಿನ ಹಣ್ಣಿನಲ್ಲಿ ಪೀಬೆರಿ, ಅಂದರೆ ಒಂದೇ ಗುಂಡು ಬೀಜ. “ಹಾಗಾದ್ರೆ ಇದು ಏಕದಳ!” ಹಣ್ಣಿನೊಳಗಿನ ಎರಡೂ ಬೇರೆ ಬೇರೆ ಬೀಜ, ಒಂದರ ಎರಡು ಹೋಳಲ್ಲ ಅಂತ ಬಿಡಿಸಿ ಹೇಳಬೇಕಾಯಿತು. ಕಾಫಿ ಬೀಜದ ಗಟ್ಟಿ ಭಾಗವೂ ಬೀಜದಳವಲ್ಲ, ಎಂಡೋಸ್ಪರ್ಮ್, ಅಂದರೆ ಮೊಳಕೆಗೆ ಬೇಕಾದ ಆಹಾರ ಕೂಡಿಟ್ಟ ಭಾಗ. ತೆಂಗಿನ ತಿರುಳೂ ಅದೇ. ಹಾಗಾಗಿ ತರಗತಿಯಲ್ಲಿ ಅದಕ್ಕೆ ‘ತಿರುಳು’ ಅಂದೆ, ಒಪ್ಪಿಗೆಯಾಯಿತು. ನಿಜವಾದ ಬೀಜದಳಗಳು ಆ ತಿರುಳಿನ ಒಂದು ತುದಿಯಲ್ಲಿ, ಪುಟ್ಟ ಭ್ರೂಣದಲ್ಲಿ, ಕಾಗದದಷ್ಟು ತೆಳ್ಳಗೆ ಇರುತ್ತವೆ.

ತೋರಿಸೋಣ ಅಂತ ಕಾಫಿ ಬೀಜವನ್ನು ಪಾರ್ಚ್‌ಮೆಂಟ್ (ಬೀಜದ ಮೇಲಿನ ಗಡುಸು ಸಿಪ್ಪೆ) ಸಮೇತ ಮರಳಿನಲ್ಲಿ ಬಿತ್ತಿದೆವು. ಸುಮಾರು 45 ದಿನ ಕಾಯಬೇಕು, ಮಕ್ಕಳು ದಿನಾ ಬಂದು ಇಣುಕುತ್ತಿದ್ದರು. ಕೊನೆಗೆ ದಂಟು ಇಡೀ ಬೀಜವನ್ನೇ ತಲೆಯ ಮೇಲಿಟ್ಟುಕೊಂಡು ಎದ್ದಿತು. ನರ್ಸರಿಯವರು ಈ ಹಂತಕ್ಕೆ ‘ಟೋಪಿ’ ಅನ್ನುತ್ತಾರೆ. ಎಷ್ಟು ಸರಿಯಾದ ಹೆಸರು! ಟೋಪಿ ಬಿದ್ದ ಮೇಲೆ ಎರಡು ದುಂಡನೆಯ ಹಸಿರು ಎಲೆ ಬಿಚ್ಚಿದವು. ಬೀಜದಳ ಇವೇ. “ಇವು ಬೇಳೆ” ಅಂದೆ. ಯಾರೂ ಒಪ್ಪಲಿಲ್ಲ. “ಇದು ಎಲೆ ಮೇಡಂ, ಬೇಳೆ ಹೇಗಾಗುತ್ತೆ?”

ಅವರು ಹೇಳುವುದರಲ್ಲೂ ಅರ್ಥವಿದೆ. ಬೇಳೆ ಅಂದರೆ ದಪ್ಪ ಇರಬೇಕು, ಬೇಯಿಸಲು ಬರಬೇಕು. ಕೊಡಗಿನಲ್ಲಿ ಕಾಫಿ ಬಿಟ್ಟು ಬೀಜದ ಪಾಠ ಮಾಡಲು ನನಗೆ ಮನಸ್ಸಿಲ್ಲ. ಸದ್ಯಕ್ಕೆ ಕಾಳುಗಳಿಗೆ ‘ಬೇಳೆ’, ಕಾಫಿಗೆ ‘ಬೀಜದೆಲೆ’ ಅನ್ನುತ್ತಿದ್ದೇನೆ. ಆದರೆ ಒಂದೇ ಅಂಗಕ್ಕೆ ಎರಡು ಹೆಸರಿದ್ದರೆ ಎರಡೂ ಒಂದೇ ಅನ್ನುವುದು ಮರೆತುಹೋಗುತ್ತದೆ.

ಸೌತೆ, ಕುಂಬಳ ಮೊಳೆತಾಗ ಮೊದಲು ಬರುವ ದಪ್ಪ ಜೋಡಿ ಎಲೆ ಆಮೇಲಿನ ಎಲೆಗಳ ಹಾಗಿರುವುದಿಲ್ಲ, ಅಲ್ವಾ? ಅದಕ್ಕೆ ನಿಮ್ಮ ಊರಿನಲ್ಲಿ, ನಿಮ್ಮ ಮನೆಯ ಹಿರಿಯರ ಬಾಯಲ್ಲಿ ಏನು ಹೆಸರಿದೆ? ಇದ್ದರೆ ದಯವಿಟ್ಟು ಊರಿನ ಹೆಸರಿನ ಜೊತೆ ಬರೆಯಿರಿ.