ಭಾವ ತೀರಿಕೊಂಡು ಎಂಟು ತಿಂಗಳಾಯಿತು; ಅಕ್ಕನ ಜೊತೆ ಹೇಗಿರಬೇಕು?

ಪ್ರಶ್ನೆ (ಚಿಕ್ಕಮಗಳೂರಿನ ತಂಗಿ):

ಮೂಡಿಗೆರೆ ಕಡೆಯಲ್ಲಿರುವ ನನ್ನ ಅಕ್ಕನ ಯಜಮಾನರು ಕಳೆದ ಡಿಸೆಂಬರಿನಲ್ಲಿ, ತೋಟದ ಅರೇಬಿಕಾ ಕಾಫಿಯ ಕೊಯ್ಲು ಅರ್ಧ ಮುಗಿದಿದ್ದಾಗ, ಹೃದಯಾಘಾತದಿಂದ ತೀರಿಕೊಂಡರು. ತಿಥಿ ಮುಗಿಯುವವರೆಗೆ ಮನೆ ತುಂಬ ಜನರಿದ್ದರು. ಮರುದಿನ ಅಂಗಳದ ಶಾಮಿಯಾನ ಬಿಚ್ಚಿದವರ ಜೊತೆಗೇ ಎಲ್ಲರೂ ಹೊರಟುಹೋದರು. ಉಳಿದ ಕೊಯ್ಲನ್ನು ಅಕ್ಕನೇ ನಿಂತು ಮಾಡಿಸಿದಳು, ಆಳುಗಳ ಬಟವಾಡೆ ನೋಡಿಕೊಂಡಳು, ಕಾಫಿ ಹೂವರಳಿಸುವ ಹೂಮಳೆ ತಡವಾದಾಗ ಸ್ಪ್ರಿಂಕ್ಲರ್ ಹಾಕಿಸಿದಳು. ನೆಂಟರು ಅವಳನ್ನು ಗಟ್ಟಿಗಿತ್ತಿ ಎನ್ನುತ್ತಾರೆ, ಆದರೆ ಕೆಲವರ ದನಿಯಲ್ಲಿ ಮೆಚ್ಚುಗೆಗಿಂತ ಆಕ್ಷೇಪವೇ ಹೆಚ್ಚು. ಅದೇ ಅಕ್ಕ ಇಂದಿಗೂ ಬೆಳಗ್ಗೆ ಎರಡು ಲೋಟ ಕಾಫಿ ಬೆರೆಸುತ್ತಾಳೆ. ಭಾವನ ಜರ್ಕಿನ್ನು ಬಾಗಿಲ ಹಿಂದಿನ ಮೊಳೆಯಲ್ಲೇ ತೂಗುತ್ತಿದೆ. ರಾತ್ರಿ ಎಷ್ಟೋ ಹೊತ್ತು ಜಗಲಿಯಲ್ಲಿ ಒಬ್ಬಳೇ ಕುಳಿತಿರುತ್ತಾಳೆ. ದುಃಖಕ್ಕೆ ಐದು ಹಂತಗಳಿವೆ ಎಂದು ಓದಿದ್ದೇನೆ. ಅಕ್ಕ ಯಾವ ಹಂತದಲ್ಲಿದ್ದಾಳೆ ಎಂದು ತಿಳಿಯುವುದು ಹೇಗೆ? ಇನ್ನೊಂದು ಮಾತು. ಗೌರಿ ಹಬ್ಬ ಹತ್ತಿರ ಬರುತ್ತಿದೆ. ಪ್ರತಿ ವರ್ಷ ತವರಿನಿಂದ ಅವಳಿಗೆ ಬಾಗಿನ ಹೋಗುತ್ತಿತ್ತು. ಈ ವರ್ಷ ಕಳುಹಿಸಿದರೂ ನೋವು, ಬಿಟ್ಟರೂ ನೋವು ಎಂದು ಅಮ್ಮ ಸಂಕಟಪಡುತ್ತಿದ್ದಾರೆ.

ಉತ್ತರ 1 (ಹಾಸನದ ನಿವೃತ್ತ ಶುಶ್ರೂಷಕಿ):

ಮೊದಲು ಆ ಐದು ಹಂತಗಳನ್ನು ಬದಿಗಿಡಿ. ನಿರಾಕರಣೆ, ಕೋಪ, ಚೌಕಾಸಿ, ಖಿನ್ನತೆ, ಒಪ್ಪಿಕೊಳ್ಳುವಿಕೆ ಎಂಬ ಆ ಪಟ್ಟಿಯನ್ನು ಎಲಿಸಬೆತ್ ಕೂಬ್ಲರ್-ರಾಸ್ ಎಂಬ ಮನೋವೈದ್ಯೆ 1969ರಲ್ಲಿ ಪ್ರಕಟಿಸಿದಾಗ, ಅವರು ಬರೆದದ್ದು ಗುಣವಾಗದ ಕಾಯಿಲೆಯಿಂದ ಸ್ವತಃ ಸಾವಿನ ಎದುರಿಗಿದ್ದ ರೋಗಿಗಳ ಜೊತೆ ನಡೆಸಿದ ಮಾತುಕತೆಗಳ ಆಧಾರದಲ್ಲಿ. ಹಿಂದೆ ಉಳಿದವರ ದುಃಖಕ್ಕೆ ಅದನ್ನು ಹೊಂದಿಸಿದ್ದು ಆಮೇಲೆ. ಅದನ್ನು ಮೆಟ್ಟಿಲಿನಂತೆ ಒಂದೊಂದಾಗಿ ಹತ್ತಬೇಕೆಂದು ನಂಬಿದವರು, ಎಂಟನೆಯ ತಿಂಗಳಿನಲ್ಲಿ ಮತ್ತೆ ಅಳು ಬಂದರೆ ತಾವು ಸೋತೆವೆಂದು ತಿಳಿಯುತ್ತಾರೆ.

ನಿಮ್ಮ ಅಕ್ಕನ ನಡೆಗೆ ಹೆಚ್ಚು ಹೊಂದುವುದು ಮಾರ್ಗರೆಟ್ ಸ್ಟ್ರೋಬ ಮತ್ತು ಹೆಂಕ್ ಶುಟ್ ಎಂಬ ನೆದರ್ಲೆಂಡ್ಸ್‌ನ ಸಂಶೋಧಕರು 1999ರಲ್ಲಿ ಮುಂದಿಟ್ಟ ವಿವರಣೆ. ಅಗಲಿಕೆಯ ನೋವಿನ ಕಡೆಗೊಮ್ಮೆ, ಬದುಕು ತಲೆಯ ಮೇಲೆ ಹೊರಿಸಿದ ಹೊಸ ಕೆಲಸಗಳ ಕಡೆಗೊಮ್ಮೆ ಮನಸ್ಸು ಜೀಕುತ್ತಿರುತ್ತದೆ, ಆ ಜೀಕಾಟವೇ ಸಹಜವಾದ ದಾರಿ ಎಂಬುದು ಅವರ ಅಭಿಪ್ರಾಯ. ಹಗಲಿನಲ್ಲಿ ಬಟವಾಡೆ ಮಾಡುವ ಅಕ್ಕ ಗಂಡನನ್ನು ಮರೆತಿಲ್ಲ. ರಾತ್ರಿ ಜಗಲಿಯಲ್ಲಿ ಕೂರುವ ಅಕ್ಕ ಕುಸಿದೂ ಇಲ್ಲ.

ಎರಡನೆಯ ಲೋಟದ ಬಗ್ಗೆ ಗಾಬರಿ ಬೇಡ. ಸತ್ತವರ ಜೊತೆಗಿನ ನಂಟನ್ನು ಕಡಿದುಕೊಂಡರೇ ಚೇತರಿಕೆ ಎಂಬ ಹಳೆಯ ಎಣಿಕೆಯನ್ನು ತಜ್ಞರೇ ಈಗ ಒಪ್ಪುವುದಿಲ್ಲ. ನಮ್ಮವರಂತೂ ಎಂದೂ ಒಪ್ಪಿರಲಿಲ್ಲ: ಪಿತೃಪಕ್ಷದಲ್ಲಿ ತೀರಿಕೊಂಡವರಿಗೆ ಇಷ್ಟವಾದ ಅಡುಗೆ ಮಾಡಿ ಎಡೆ ಇಡುತ್ತೇವೆ, ನಮ್ಮ ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿ ಅಗಲಿದವರ ಹೆಸರು ಹೊತ್ತ ನಿಸಿದಿಗಲ್ಲುಗಳು ಶತಮಾನಗಳಿಂದ ನಿಂತಿವೆ. ಹೀಗಿದ್ದೂ ಸಾವಿನ ಮನೆಗೆ ಹೋದೊಡನೆ "ಮರೆತುಬಿಡಮ್ಮ" ಎನ್ನುವುದನ್ನು ಎಲ್ಲಿಂದ ಕಲಿತೆವೋ ಕಾಣೆ. ವಾರ್ಡಿನಲ್ಲಿ ನಾನು ಗಮನಿಸಿದ ಒಂದು ಸೂಕ್ಷ್ಮವಿದೆ. "ಋಣ ಇಷ್ಟೇ ಇತ್ತು" ಎಂದು ಕಳೆದುಕೊಂಡವರೇ ಹೇಳಿಕೊಂಡಾಗ ಅದು ಸಮಾಧಾನ. ಅದೇ ಮಾತನ್ನು ನೋಡಲು ಬಂದವರು ಹೇಳಿದರೆ ಕಳೆದುಕೊಂಡವರ ಬಾಯಿ ಮುಚ್ಚಿಸಿದಂತೆ.

ಉತ್ತರ 2 (ಸಕಲೇಶಪುರದ ಬೆಳೆಗಾರ):

ನನ್ನ ಹೆಂಡತಿ ಹೋಗಿ ನಾಲ್ಕು ವರ್ಷವಾಯಿತು. ಸಾವಿನ ಮನೆಯಿಂದ ಏಳುವಾಗ "ಹೋಗಿ ಬರುತ್ತೇನೆ" ಎನ್ನಬಾರದೆಂಬ ಪದ್ಧತಿ ಇದೆಯಷ್ಟೆ. ನಮ್ಮ ಜನ ಅದನ್ನು ಎಷ್ಟು ನಿಷ್ಠೆಯಿಂದ ಪಾಲಿಸಿದರೆಂದರೆ ಹದಿಮೂರನೆಯ ದಿನದ ನಂತರ ನಿಜಕ್ಕೂ ಯಾರೂ ಬರಲಿಲ್ಲ. "ಏನಾದರೂ ಬೇಕಿದ್ದರೆ ಹೇಳಿ" ಎಂದು ಎಲ್ಲರೂ ಹೇಳಿದ್ದರು, ಆದರೆ ಏನು ಬೇಕೆಂದು ಯೋಚಿಸುವ ಶಕ್ತಿಯೇ ಆಗ ಇರುವುದಿಲ್ಲ. ಒಬ್ಬ ಸ್ನೇಹಿತ ಮಾತ್ರ ಸುಮಾರು ನಲವತ್ತು ದಿನ ಕಳೆದ ಮೇಲೆ ಫೋನ್ ಮಾಡಿ, "ಬುಧವಾರ ಬೆಳಗ್ಗೆ ಬರುತ್ತೇನೆ, ಪಹಣಿ, ಪಾಸ್‌ಬುಕ್ಕು, ಆಧಾರ್ ಎಲ್ಲವನ್ನೂ ತೆಗೆದಿಡು" ಎಂದ. ತೋಟದ ಒಂದು ಭಾಗ ಅವಳ ಹೆಸರಿನಲ್ಲಿತ್ತು. ಮರಣ ಪ್ರಮಾಣಪತ್ರ, ವಂಶವೃಕ್ಷ, ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆ, ಬ್ಯಾಂಕು ಹೀಗೆ ಒಂದೊಂದು ಮೇಜಿನ ಮುಂದೆಯೂ "ತೀರಿಕೊಂಡಿದ್ದಾರೆ" ಎಂದು ಹೊಸದಾಗಿ ಹೇಳಬೇಕಾಗುತ್ತದೆ. ಆ ಮಾತನ್ನು ಅರ್ಧದಷ್ಟು ಕಡೆ ನನ್ನ ಬದಲು ಅವನೇ ಹೇಳಿದ. ಅದಕ್ಕಿಂತ ದೊಡ್ಡ ಉಪಕಾರವನ್ನು ನನಗೆ ಯಾರೂ ಮಾಡಲಿಲ್ಲ.

ಜರ್ಕಿನ್ನನ್ನು ಯಾರೂ ಮುಟ್ಟದಂತೆ ನೋಡಿಕೊಳ್ಳಿ. ನೆಂಟರ ಒತ್ತಾಯಕ್ಕೆ ನಾನು ಒಂದೇ ತಿಂಗಳಲ್ಲಿ ಅವಳ ಸೀರೆಗಳನ್ನೆಲ್ಲ ಕೊಟ್ಟುಬಿಟ್ಟೆ, ಆ ಪಶ್ಚಾತ್ತಾಪ ಇನ್ನೂ ಹೋಗಿಲ್ಲ. ಭಾವನ ಹೆಸರೆತ್ತಲು ಹಿಂಜರಿಯಬೇಡಿ; ನೆನಪಿಸಿದರೆ ನೋವಾಗುತ್ತದೆ ಎಂದು ಜನ ಅಂಜುತ್ತಾರೆ, ನಾವು ಮರೆತಿದ್ದರೆ ತಾನೇ ನೆನಪಿಸುವುದು! ಬಾಗಿನದ ವಿಷಯವನ್ನು ನೀವು ಮತ್ತು ಅಮ್ಮ ಕುಳಿತು ತೀರ್ಮಾನಿಸದೆ ಅಕ್ಕನನ್ನೇ ಕೇಳಿ. ಗಂಡನನ್ನು ಕಳೆದುಕೊಂಡವಳ ಪರವಾಗಿ ಎಲ್ಲವನ್ನೂ ಬೇರೆಯವರೇ ತೀರ್ಮಾನಿಸುವುದು ಅವಳಿಗೆ ಎರಡನೆಯ ನಷ್ಟ.

ಉತ್ತರ 3 (ಮಾನಸಿಕ ಆರೋಗ್ಯ ಕ್ಷೇತ್ರದ ಸಮಾಜ ಕಾರ್ಯಕರ್ತ, ಹಾಸನ):

ಮೇಲಿನ ಇಬ್ಬರ ಮಾತನ್ನೂ ಒಪ್ಪುತ್ತೇನೆ, ಆದರೆ ಎಲ್ಲವೂ ಸಹಜ ಎಂದು ಕೈಬಿಡುವಂತಿಲ್ಲ. ತೀವ್ರವಾದ ಹಂಬಲವೋ ಅಗಲಿದವರದೇ ಗುಂಗೋ ಕನಿಷ್ಠ 6 ತಿಂಗಳು ಬಿಡದೆ ಕಾಡಿ, ಆ ಸಮಾಜದ ಆಚಾರ ವಿಚಾರಗಳು ನಿರೀಕ್ಷಿಸುವುದನ್ನು ಮೀರಿ, ದೈನಂದಿನ ಬದುಕನ್ನೇ ಕೆಡಿಸಿದ್ದರೆ, ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣ ಅದನ್ನು ದೀರ್ಘಕಾಲದ ದುಃಖದ ತೊಂದರೆ ಎಂದು ಗುರುತಿಸುತ್ತದೆ. ಅಮೆರಿಕದ ಮನೋವೈದ್ಯರ ಸಂಘದ 2022ರ ಕೈಪಿಡಿ ವಯಸ್ಕರಿಗೆ 12 ತಿಂಗಳೆನ್ನುತ್ತದೆ. ನೀವು ಬರೆದಿರುವುದರಿಂದ ನಿಮ್ಮ ಅಕ್ಕನ ಸ್ಥಿತಿ ಹಾಗೆ ತೋರುವುದಿಲ್ಲ, ಆದರೂ ದೂರದಿಂದ ನಿರ್ಣಯ ಹೇಳಲಾಗದು. ಊಟ ನಿದ್ದೆ ಪೂರ್ತಿ ಕೆಟ್ಟರೆ, ತೋಟದ ಕೆಲಸವನ್ನೂ ಬಿಟ್ಟು ಕುಳಿತರೆ, "ನಾನೂ ಹೋಗಿಬಿಟ್ಟರೆ ಸಾಕು" ಎಂಬ ಮಾತು ಬಂದರೆ ತಡಮಾಡಬೇಡಿ. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ, ಮೆಲ್ಲಗೆ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿಗೆ (14416) ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಜೊತೆಗಿರುವ ನೀವೂ ಕರೆ ಮಾಡಬಹುದು.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಸಂಜೆ ಅಕ್ಕನಿಗೆ ಫೋನ್ ಮಾಡಿ ಬಾಗಿನದ ವಿಷಯ ಕೇಳಿಯೇಬಿಟ್ಟೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಅದನ್ನು ನೋಡೋಣ, ಮೊದಲು ಪೌತಿ ಖಾತೆಯ ಅರ್ಜಿ ಎಲ್ಲಿಗೆ ಬಂತೆಂದು ನಾಡಕಚೇರಿಗೆ ಹೋಗಿ ವಿಚಾರಿಸಬೇಕು, ನೀನೂ ಜೊತೆಗೆ ಬರುತ್ತೀಯಾ?" ಎಂದಳು. ಸೋಮವಾರ ಹೊರಟಿದ್ದೇನೆ.